ಹೆಂಚಿನ ಆಟಕ್ಕೆ ಐದೂವರೆ

ಆಫೀಸಿನಲ್ಲಿ ಅವಳನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಎದುರಿಗೆ ಮೇಡಂ, ಬೆನ್ನ ಹಿಂದೆ ಅರೆಮಾರ್ಕಮ್ಮ. ಹೊಸದಾಗಿ ಬಂದ ವಿಡಿಯೊ ಗೇಮುಗಳನ್ನು ಆಡಿ, ವಿಮರ್ಶೆ ಬರೆದು, ಹತ್ತಕ್ಕೆ ಇಷ್ಟು ಎಂದು ಅಂಕ ಹಾಕುವುದು ಅವಳ ಉದ್ಯೋಗ. ಇಷ್ಟು ವರ್ಷಗಳಲ್ಲಿ ಒಂದೇ ಒಂದು ಗೇಮಿಗೂ ಅವಳು ಇಡಿಯಾಗಿ ಅಂಕ ಕೊಟ್ಟವಳಲ್ಲ. ಆರೂವರೆ, ಏಳೂವರೆ, ತೀರಾ ಮನಸ್ಸು ಕರಗಿದರೆ ಎಂಟೂವರೆ. ಆ ಅರ್ಧ ಯಾಕೆ ಎಂದು ಕೇಳಿದರೆ, "ಅದು ಆಟದ್ದಲ್ಲಪ್ಪ, ನನ್ನ ಅನುಮಾನದ್ದು" ಎನ್ನುತ್ತಿದ್ದಳು. ಅಡ್ಡಗೋಡೆಯ ಮೇಲೆ ದೀಪ ಇಡುವ ಬುದ್ಧಿ ಇದು ಎಂದು ಕೆಲವರು ಮೂಗು ಮುರಿದರೂ ಓದುಗರು ಅವಳನ್ನು ಕಣ್ಣುಮುಚ್ಚಿ ನಂಬುತ್ತಿದ್ದರು. ಅವಳು ಚೆನ್ನಾಗಿದೆ ಎಂದ ಗೇಮು ಕೊಳ್ಳುತ್ತಿದ್ದರು, ಇಲ್ಲವೆಂದರೆ ಬಿಡುತ್ತಿದ್ದರು.

ನಂಬಿಕೆ ಪುಕ್ಕಟೆ ಬಂದದ್ದಲ್ಲ ಬಿಡಿ. ಅವಳು ಯಾವ ಗೇಮನ್ನೂ ಅರ್ಧಕ್ಕೆ ಬಿಟ್ಟು ಬರೆದವಳಲ್ಲ. ಮೊದಲ ಘಟ್ಟವನ್ನು ಎರಡು ಸಲ ಆಡುತ್ತಿದ್ದಳು, ಎರಡನೆಯ ಸಲ ಸದ್ದು ಪೂರ್ತಿ ತೆಗೆದು. "ಸಂಗೀತ ಹಾಕಿ ಯಾಮಾರಿಸ್ತಾರೆ ಕಳ್ಳರು" ಎಂಬುದು ಅವಳ ವಾದ. ಅಂಕ ಒಮ್ಮೆ ಅಚ್ಚಾಯಿತೆಂದರೆ ಮುಗಿಯಿತು, ಯಾರು ಬಂದು ಕಾಲು ಹಿಡಿದರೂ ಬದಲಿಸುವಂತಿಲ್ಲ. ಈ ಕಟ್ಟಳೆಯನ್ನು ಆಫೀಸಿಗೆ ತಂದವಳೂ ಅವಳೇ.

ಅವಳು ಆಡುತ್ತಿದ್ದದ್ದು ಹೆಚ್ಚಾಗಿ ಮನೆಯ ಮುಂದಿನ ಕೋಣೆಯಲ್ಲಿ. ಆ ಕೋಣೆಯ ಇನ್ನೊಂದು ತುದಿ ಗಂಡನದು. ಅವನು ಹಲ್ಲಿನ ಡಾಕ್ಟರುಗಳಿಗೆ ಕಟ್ಟುಹಲ್ಲಿನ ಸೆಟ್ಟು ಮಾಡಿಕೊಡುವವನು. ಕಿಟಕಿಯ ಬೆಳಕಿಗೆ ಮೇಜು ಹಾಕಿಕೊಂಡು, ಮೇಣದ ವಸಡಿಗೆ ಒಂದೊಂದೇ ಹಲ್ಲು ಕೂರಿಸುತ್ತಿದ್ದ. ಆ ಬಡಾವಣೆಯ ಮುದುಕರ ಅರ್ಧಕ್ಕರ್ಧ ನಗು ಅವನ ಮೇಜಿನಿಂದಲೇ ಹೋದದ್ದು. ಗಂಡ ಹೆಂಡತಿ ಬೆನ್ನಿಗೆ ಬೆನ್ನು ಮಾಡಿ ಕೂರುತ್ತಿದ್ದರು. ಇವಳು ಪರದೆಯ ಮೇಲಿನ ರಾಕ್ಷಸನಿಗೆ "ಬಾರೋ ಬಾರೋ" ಎಂದು ಕೂಗಿದರೆ ಅವನು ತಿರುಗದೆಯೇ, "ಸ್ವಲ್ಪ ಮೆಲ್ಲಗೆ ಸಾಯಿಸೇ ಮಾರಾಯ್ತಿ, ಯಾರದೋ ಕೋರೆಹಲ್ಲು ಸೊಟ್ಟ ಆಗುತ್ತೆ" ಎನ್ನುತ್ತಿದ್ದ.

ಎಲ್ಲ ಚೆನ್ನಾಗಿಯೇ ನಡೆದಿತ್ತು. ಒಂದೇ ಒಂದು ವಿಷಯ, ಈಚೆಗೆ ಬರುತ್ತಿದ್ದ ಗೇಮುಗಳ ಕುರಿತು ಅವಳಿಗೆ ಬೇಸರ ಶುರುವಾಗಿತ್ತು. ಒಂದು ವರ್ಷದಿಂದ ಅವಳ ವಿಮರ್ಶೆಗಳಲ್ಲಿ ಒಂದೇ ದೂರು. ಗುಂಡಿ ಒತ್ತಿದ ಮೇಲೆ ಕತ್ತಿ ಏಳುವುದು ತಡ, ಕಾರು ತಿರುಗುವುದು ತಡ, ಕಾಲು ಹಾರುವುದು ತಡ. "ಚಿತ್ರಕ್ಕೆ ಬಣ್ಣ ಬಳಿಯುವುದರಲ್ಲೇ ಎಲ್ಲರೂ ಮುಳುಗಿದ್ದಾರೆ, ಆಡುವವರ ಬೆರಳಿಗೆ ಮರ್ಯಾದೆಯೇ ಇಲ್ಲ" ಎಂದು ಬರೆದಳು. ಓದಿದ ಚಿಕ್ಕ ವಯಸ್ಸಿನ ವಿಮರ್ಶಕರೂ ಹೌದು ಹೌದು, ತಡವೇ ಎನ್ನತೊಡಗಿದರು. ಜನ ಹಾಗೇ ತಾನೇ? ದೊಡ್ಡವರೊಬ್ಬರು ಮೂಗು ಮುಚ್ಚಿಕೊಂಡರೆ ಪಕ್ಕದವರಿಗೂ ವಾಸನೆ ಬರುತ್ತದೆ.

ಹೀಗಿರುವಾಗ 'ಹೆಂಚು' ಎಂಬ ಗೇಮು ಅವಳ ಕೈಗೆ ಬಂತು. ದೊಡ್ಡ ಕಂಪನಿಯದಲ್ಲ, ಅಣ್ಣ ತಂಗಿ ಇಬ್ಬರೇ ಎರಡು ಬಾಡಿಗೆ ಕೋಣೆಯಲ್ಲಿ ಕೂತು ವರ್ಷಗಟ್ಟಲೆ ಮಾಡಿದ್ದು. ಆಟ ಬಹಳ ಸರಳ. ಮನೆಗಳ ಹೆಂಚಿನ ಮಾಡು ರಿಪೇರಿ ಮಾಡುವ ಹುಡುಗಿಯೊಬ್ಬಳು ತಲೆಯ ಮೇಲೆ ಹೆಂಚು ಹೊತ್ತು, ಬಿರುಗಾಳಿ ಬರುವುದರೊಳಗೆ ಮಾಡಿನಿಂದ ಮಾಡಿಗೆ ಹಾರುತ್ತ ಓಡಬೇಕು. ಕಾಲು ಕೊನೆಯ ಹೆಂಚಿನ ಮೇಲೆ ಬಿದ್ದಾಗಲೇ ಗುಂಡಿ ಒತ್ತಬೇಕು. ಒತ್ತಿದರೆ ಹಾರುತ್ತಾಳೆ, ತಪ್ಪಿದರೆ ಬೀದಿಗೆ ಬೀಳುತ್ತಾಳೆ. ಬೇರೆ ವಿಮರ್ಶಕರು ಎಂಟು, ಒಂಬತ್ತು ಎಂದರು. ಇವಳ ಕೈಯಲ್ಲಿ ಮಾತ್ರ ಆ ಹುಡುಗಿ ಮಾಡಿಗೊಂದು ಸಲ ಬಿದ್ದಳು. ರೇಗಿಹೋಗಿ, "ಚಂದದ ಮಾಡು, ಕುಂಟು ಕಾಲು" ಎಂದು ತಲೆಬರಹ ಕೊಟ್ಟು ಐದೂವರೆ ಹಾಕಿದಳು.

ಆ ಐದೂವರೆ ಸುಮ್ಮನೆ ಕೂರಲಿಲ್ಲ. ಗೇಮು ಮಾರುವ ದೊಡ್ಡ ಆನ್‌ಲೈನ್ ಅಂಗಡಿಯವರು ಹೆಸರಾಂತ ವಿಮರ್ಶಕರೆಲ್ಲರ ಅಂಕದ ಸರಾಸರಿ ನೋಡಿ, ಒಂದು ಗೆರೆಗಿಂತ ಮೇಲಿದ್ದರೆ ಮಾತ್ರ ಮುಂದಿನ ಪುಟದಲ್ಲಿ ಇಡುತ್ತಿದ್ದರು. ಅವಳ ಅಂಕಕ್ಕೆ ತೂಕ ಹೆಚ್ಚು, ಸರಾಸರಿ ಗೆರೆಯ ಕೆಳಗೆ ಕುಸಿಯಿತು. 'ಹೆಂಚು' ಯಾರ ಕಣ್ಣಿಗೂ ಬೀಳದ ಹಿಂದಿನ ಪುಟಕ್ಕೆ ಹೋಯಿತು. ಹಾಗೇ ಇದ್ದರೆ ಅಣ್ಣ ತಂಗಿ ಬಾಗಿಲು ಹಾಕಿಕೊಂಡು ಬೇರೆ ಕೆಲಸ ಹುಡುಕಬೇಕಿತ್ತು.

ತಂಗಿ ನೇರವಾಗಿ ಆಫೀಸಿಗೇ ಬಂದಳು. ಭುಜಕ್ಕೆ ಚೀಲ, ಚೀಲದಲ್ಲಿ ಅವರದೇ ಕಂಟ್ರೋಲರ್.

"ಜಗಳಕ್ಕೆ ಬಂದಿಲ್ಲ ಮೇಡಂ," ಎಂದಳು, ಜಗಳಕ್ಕೇ ಬಂದವಳ ದನಿಯಲ್ಲಿ. "ಎಲ್ಲಿ ತಡ ಆಗುತ್ತೆ ಅಂತ ಒಂದು ಸಲ ಆಡಿ ತೋರಿಸಿಬಿಡಿ. ಆ ಜಾಗ ನೋಡ್ಕೊಂಡು ಹೋಗ್ತೀನಿ."

"ತೋರಿಸೋಕೇನಂತೆ? ಕೂತ್ಕೋ."

ವಿಮರ್ಶೆಯ ವಿಡಿಯೊಗಳಲ್ಲಿ ಪರದೆಯ ಮೂಲೆಯಲ್ಲಿ ಆಡುವವರ ಕೈಯನ್ನೂ ತೋರಿಸುವುದು ಆ ಆಫೀಸಿನ ಪದ್ಧತಿ. ಅದಕ್ಕಾಗಿ ಕುರ್ಚಿಯ ಮೇಲೆ ಒಂದು ಕ್ಯಾಮೆರಾ ಸದಾ ನೇತಾಡುತ್ತಿತ್ತು. ಕ್ಯಾಮೆರಾದವನು ಅದನ್ನು ಸದ್ದಿಲ್ಲದೆ ಚಾಲೂ ಮಾಡಿದ. ಜಗಳ ಆದರೆ ಒಳ್ಳೆಯ ವಿಡಿಯೊ ಆಗುತ್ತದೆಂಬ ಆಸೆ ಆ ಪುಣ್ಯಾತ್ಮನಿಗೆ.

ಅವಳು ಆಡಿದಳು. ಹುಡುಗಿ ಎರಡನೆಯ ಮಾಡಿನಿಂದ ಕೆಳಗೆ ಬಿದ್ದಳು. "ನೋಡಿದ್ಯಾ? ನಾನು ಒತ್ತಿದೆ. ನಿನ್ನ ಹುಡುಗಿ ಕೇಳಿಸ್ಕೊಳ್ಳಲೇ ಇಲ್ಲ." ಮತ್ತೆ ಆಡಿದಳು, ಹುಡುಗಿ ಮತ್ತೆ ಬಿದ್ದಳು. ತಂಗಿ ಮೊದಲು ಪರದೆಯನ್ನೇ ದಿಟ್ಟಿಸುತ್ತಿದ್ದವಳು ಆಮೇಲೆ ಮೇಡಂ ಕೈಯನ್ನು ನೋಡಿದಳು. ಅಲ್ಲಿಂದ ಕಣ್ಣು ಕೀಳಲಿಲ್ಲ. ಬಂದಾಗ ಇದ್ದ ಬಿಗಿ ಮುಖದಿಂದ ಇಳಿದುಹೋಯಿತು.

"ಹೌದು ಮೇಡಂ," ಎಂದಳು ಮೆಲ್ಲಗೆ. "ನಮ್ಮದೇ ತಪ್ಪು. ಅಣ್ಣಂಗೆ ಹೇಳಿ ಸರಿ ಮಾಡಿಸ್ತೀನಿ."

"ಅದೇ ನಾನು ಬರೆದದ್ದು."

ತಂಗಿ ಕಂಟ್ರೋಲರನ್ನು ಚೀಲಕ್ಕೆ ಹಾಕಿಕೊಂಡು ಎದ್ದವಳು ಬಾಗಿಲ ಹತ್ತಿರ ನಿಂತಳು. "ಮೇಡಂ, ಕೈ ಏನಾದ್ರೂ ನೋಯುತ್ತಾ?"

"ಇಲ್ವಲ್ಲ. ಯಾಕೆ?"

"ಸುಮ್ನೆ ಕೇಳಿದೆ."

ಅವಳಿಗೆ ಇದೊಂದು ವಿಚಿತ್ರ ಹುಡುಗಿ ಎನಿಸಿತು ಅಷ್ಟೇ. ಗೆದ್ದ ಖುಷಿಯಲ್ಲಿ ಆ ಮಾತನ್ನು ಅಲ್ಲೇ ಮರೆತಳು.

ಕೆಲವು ವಾರಗಳಲ್ಲಿ 'ಹೆಂಚು' ಗೇಮಿನ ಹೊಸ ಅಪ್‌ಡೇಟ್ ಬಂತು. ಕುತೂಹಲ ತಡೆಯಲಾರದೆ ಮನೆಯಲ್ಲಿ ಹಾಕಿ ಕೂತಳು. ಏನಾಶ್ಚರ್ಯ! ಹುಡುಗಿ ಮೊದಲ ಮಾಡು ಹಾರಿದಳು, ಎರಡನೆಯದು ಹಾರಿದಳು, ಮೂರನೆಯದೂ ಹಾರಿದಳು. ಒಂದು ವರ್ಷದಿಂದ ಯಾವ ಗೇಮಿನಲ್ಲೂ ಸಿಗದ ಹಿಡಿತ ಇವತ್ತು ಸಿಕ್ಕಿತ್ತು. ಬೆರಳು ಹೇಳಿದ್ದನ್ನು ಕಾಲು ಕೇಳುತ್ತಿತ್ತು. ಅವಳಿಗೆ ಕಣ್ಣು ತುಂಬಿ ಬಂತು.

"ಬಂತು ನೋಡ್ರೀ!" ಎಂದು ಗಂಡನಿಗೆ ಕೂಗಿ ಹೇಳಿದಳು. "ಕೊನೆಗೂ ಒಬ್ಬರು ಕಿವಿ ಮೇಲೆ ಹಾಕ್ಕೊಂಡ್ರು!"

ಗಂಡ ತಿರುಗಿ ನೋಡಿದ. ಪರದೆಯನ್ನಲ್ಲ, ಅವಳನ್ನು. "ಒಳ್ಳೇದಾಯ್ತು ಬಿಡು" ಎಂದು ಮತ್ತೆ ಮೇಣಕ್ಕೆ ತಲೆ ತಗ್ಗಿಸಿದ.

ಅವಳು ತಾನೇ ಮಾಡಿದ ಕಟ್ಟಳೆಯನ್ನು ತಾನೇ ಮುರಿದಳು. ಐದೂವರೆಯನ್ನು ಹೊಡೆದುಹಾಕಿ ಎಂಟೂವರೆ ಕೊಟ್ಟಳು. ಟೀಕೆಯನ್ನು ತೆಗೆದುಕೊಳ್ಳುವುದು ಹೇಗೆ ಎಂದು ದೊಡ್ಡ ಕಂಪನಿಗಳು ಈ ಅಣ್ಣ ತಂಗಿಯನ್ನು ನೋಡಿ ಕಲಿಯಲಿ ಎಂದು ಬರೆದಳು. ಸರಾಸರಿ ಏರಿತು. ಅಂಗಡಿಯವರು 'ಹೆಂಚು' ಗೇಮನ್ನು ಮುಂದಿನ ಪುಟಕ್ಕೆ ತಂದರು. ಅವಳ ಮಾತು ನಂಬಿ ಜನ ಮುಗಿಬಿದ್ದು ಕೊಂಡರು.

ಕೊಂಡವರು ಉಗಿದು ಉಪ್ಪಿನಕಾಯಿ ಹಾಕಿದರು! ಓಡುವ ಹುಡುಗಿ ಪ್ರತಿ ಮಾಡಿನ ತುದಿಯಲ್ಲೂ ಬಸ್ಸಿಗೆ ಕಾಯುವವಳ ಹಾಗೆ ಗಾಳಿಯಲ್ಲಿ ನಿಲ್ಲುತ್ತಾಳೆ, ಗುಂಡಿ ಒತ್ತಿ ಎಷ್ಟೋ ಹೊತ್ತಿನ ಮೇಲೆ ಹಾರುತ್ತಾಳೆ, ಇದೆಂಥ ದರಿದ್ರ ಆಟ ಎಂದರು. ಮೊದಲಿನಿಂದ ಆಡುತ್ತಿದ್ದ ಕೆಲವರಂತೂ, ಬಂಗಾರದಂಥ ಆಟವನ್ನು ಅಪ್‌ಡೇಟ್ ಹಾಕಿ ಹಾಳು ಮಾಡಿದಿರಿ ಎಂದು ಅಣ್ಣ ತಂಗಿಗೆ ಹಿಡಿಶಾಪ ಹಾಕಿದರು. ಅರೆಮಾರ್ಕಮ್ಮನಿಗೂ ಬಿತ್ತು. ಎಷ್ಟು ದುಡ್ಡು ತಿಂದಳೋ ಎಂದು ಒಬ್ಬರು, ವಯಸ್ಸಾಯಿತು ಮನೆಗೆ ಹೋಗಲಿ ಎಂದು ಇನ್ನೊಬ್ಬರು.

ಅವಳಿಗೆ ತಲೆಬುಡ ಅರ್ಥವಾಗಲಿಲ್ಲ. ಕೋಪದಲ್ಲಿ ಆಫೀಸಿಗೆ ಹೋದಳು. ಕ್ಯಾಮೆರಾದವನು ಅವಳನ್ನು ಎಡಿಟಿಂಗ್ ಕೋಣೆಗೆ ಕರೆದು ಬಾಗಿಲು ಹಾಕಿದ. ಆಫೀಸಿನಲ್ಲಿ ಅವಳನ್ನು ಮೇಡಂ ಎನ್ನದೆ ಅಕ್ಕಾ ಎನ್ನುತ್ತಿದ್ದವನು ಅವನೊಬ್ಬನೇ.

"ಅಕ್ಕಾ, ಆ ಹುಡುಗಿ ಬಂದಿದ್ದಾಗ ತೆಗೆದ ವಿಡಿಯೊ ಇದು. ನಿಧಾನ ಮಾಡಿ ಹಾಕ್ತೀನಿ. ಬೈಬೇಡಿ."

ಪರದೆಯ ಒಂದು ಪಕ್ಕ ಗೇಮು, ಇನ್ನೊಂದು ಪಕ್ಕ ಅವಳ ಕೈ. ಹುಡುಗಿ ಓಡಿ ಬಂದಳು. ಕಾಲು ಕೊನೆಯ ಹೆಂಚಿನ ಮೇಲೆ ಬಿತ್ತು. ಅವಳ ಹೆಬ್ಬೆರಳು ಮೇಲೆಯೇ ಇತ್ತು. ಹುಡುಗಿಯ ಕಾಲು ಅಂಚು ದಾಟಿತು. ಹೆಬ್ಬೆರಳು ಇನ್ನೂ ಮೇಲೆಯೇ ಇತ್ತು, ಸಣ್ಣಗೆ ಅದುರುತ್ತಿತ್ತು. ಹುಡುಗಿ ಬೀಳತೊಡಗಿದ ಮೇಲೆ ಬೆರಳು ಇಳಿದು ಗುಂಡಿ ಒತ್ತಿತು.

"ಆಟ ತಡ ಮಾಡಿಲ್ಲ ಅಕ್ಕಾ," ಎಂದ ಅವನು.

ಅವಳು ತನ್ನ ಹೆಬ್ಬೆರಳನ್ನು ನೋಡಿಕೊಂಡಳು. ನಾನು ಒತ್ತಿದೆನಲ್ಲ, ಸರಿಯಾದ ಹೊತ್ತಿಗೇ ಒತ್ತಿದೆನಲ್ಲ ಎಂದು ಒಳಗೊಳಗೇ ಹೇಳಿಕೊಂಡಳು. ಮನಸ್ಸು ಒತ್ತಿತ್ತು, ಬೆರಳು ಒತ್ತಿರಲಿಲ್ಲ. ಹಳೆಯ ವಿಮರ್ಶೆಯ ವಿಡಿಯೊ ಇದ್ದರೆ ಹಾಕು ಎಂದಳು. ಹಾಕಿದ. ಅವಳು ಕುಂಟು ಕುದುರೆ ಎಂದು ಆಡಿಕೊಂಡ ಕುದುರೆ ಗೇಮು ಅದು. ಅಲ್ಲೂ ಅದೇ ಹೆಬ್ಬೆರಳು, ಅದೇ ತಡ. ಇನ್ನೊಂದು ಹಾಕಲು ಹೊರಟವನನ್ನು ತಡೆದಳು. "ಸಾಕು, ಸಾಕಪ್ಪ." ಎಷ್ಟು ಜನರ ಎಷ್ಟು ದಿನದ ದುಡಿಮೆಗೆ ನಾನು ಮಣ್ಣು ಹಾಕಿದೆ ಎಂದುಕೊಂಡಾಗ ಅವಳಿಗೆ ನಾಚಿಕೆಯಿಂದ ಮೈಯೆಲ್ಲ ಕಾದುಹೋಯಿತು. ಅದರ ಬೆನ್ನಿಗೇ ಹೆದರಿಕೆ ಬಂತು. ನನ್ನ ಕೈಗೆ ಏನಾಗಿದೆ?

ಸಂಪಾದಕನಿಗೆ ವಿಷಯ ಗೊತ್ತಾಯಿತು. ಕೆಟ್ಟವನಲ್ಲ ಅವನು, ಆಫೀಸು ಉಳಿಯಬೇಕೆಂಬ ಆಸೆಯವನು.

"ಮೇಡಂ, ತಲೆ ಕೆಡಿಸ್ಕೋಬೇಡಿ. ತಪ್ಪನ್ನ ನಿಮ್ಮ ಮನೆ ಟಿ.ವಿ. ಮೇಲೆ ಹಾಕಿಬಿಡಿ. ಟಿ.ವಿ. ಸೆಟ್ಟಿಂಗ್ ತಪ್ಪಾಗಿತ್ತು, ಅದರಿಂದ ತಡ ಕಂಡಿತು ಅಂತ ನಾಲ್ಕು ಸಾಲು ಬರೀರಿ. ಯಾರು ನೋಡೋಕೆ ಬರ್ತಾರೆ? ಹೊಸ ದೊಡ್ಡ ಗೇಮು ಬಂದು ನಿಮ್ಮ ಮೇಜಿನ ಮೇಲೆ ಕೂತಿದೆ, ಅದನ್ನ ಶುರು ಮಾಡಿ."

ಸತ್ಯ ಹೇಳಬೇಕೆಂದರೆ ಆ ಮಾತು ಅವಳಿಗೆ ಹಿಡಿಸಿತು. ಟಿ.ವಿ. ಮಾತಾಡುವುದಿಲ್ಲ, ಮಾನನಷ್ಟದ ದಾವೆ ಹಾಕುವುದಿಲ್ಲ. ಕುರ್ಚಿ ಉಳಿಯುತ್ತದೆ, ಹೆಸರು ಉಳಿಯುತ್ತದೆ. ಆಟ ಬಿಟ್ಟರೆ ಬೇರೆ ಏನೂ ಗೊತ್ತಿಲ್ಲದ ಹೆಂಗಸು ಅವಳು. ಮನೆಗೆ ಹೋಗುವ ದಾರಿಯುದ್ದಕ್ಕೂ ಆ ನಾಲ್ಕು ಸಾಲನ್ನು ಮನಸ್ಸಿನಲ್ಲೇ ಬರೆದು ತಿದ್ದಿದಳು.

ಬಾಗಿಲು ತೆರೆದ ಗಂಡನಿಗೆ ಒಂದೇ ಉಸಿರಿನಲ್ಲಿ ಹೇಳಿದಳು. "ನಮ್ಮ ಟಿ.ವಿ.ದೇ ತಪ್ಪಂತೆ ಕಣ್ರೀ. ಸೆಟ್ಟಿಂಗ್ ಸರಿ ಇಲ್ಲ. ಅದಕ್ಕೇ ಎಲ್ಲ ತಡ ತಡ ಅನಿಸ್ತಿತ್ತು."

ಅವನು ಕೈಯಲ್ಲಿದ್ದ ಮೇಣದ ಚಾಕು ಮೇಜಿನ ಮೇಲಿಟ್ಟ. "ಟಿ.ವಿ. ಪಾಪ," ಎಂದ. "ಅಂಗಿ ಗುಂಡಿ ಹಾಕ್ಕೊಳ್ಳೋಕೂ ಟಿ.ವಿ. ಬೇಕೇನೇ?"

ಅವಳು ಕೈಚೀಲ ಇಳಿಸದೆ ಹಾಗೇ ನಿಂತಳು. "ನಿಮಗೆ ಗೊತ್ತಿತ್ತಾ?"

"ಬಲಗೈ ಬಿಟ್ಟು ಎಡಗೈಯಲ್ಲಿ ಲೋಟ ಹಿಡಿಯೋಕೆ ಶುರು ಮಾಡಿದ್ಯಲ್ಲ, ಆವಾಗಿಂದ ಅನುಮಾನ. ಗುಂಡಿ ಹಾಕ್ಕೊಳ್ಳೋದು ನೋಡಿ ಗಟ್ಟಿಯಾಯ್ತು."

"ಮತ್ತೆ ಬಾಯಿ ಬಿಡೋಕೆ ಏನಾಗಿತ್ತು ನಿಮಗೆ?"

"ಹೆದರಿಕೆ ಆಯ್ತು ಕಣೇ. ಬಾಯಿಬಿಟ್ಟು ಹೇಳಿದ್ರೆ ನಿಜ ಆಗಿಬಿಡುತ್ತೆ ಅಂತ. ನೀನು ಆಟ ಆಡ್ತಾ ಕೂಗ್ತಿರ್ತೀಯಲ್ಲ, ಅದು ನಿಂತು ಹೋಗುತ್ತೆ ಅಂತ."

ಬೇರೆ ದಿನವಾಗಿದ್ದರೆ ಅವಳ ಮನಸ್ಸು ಕರಗುತ್ತಿತ್ತೇನೋ. ಅವತ್ತು ಸಿಟ್ಟು ನೆತ್ತಿಗೇರಿತು. "ನೀವು ಹೇಳಿದ್ದಿದ್ರೆ ಆ ಮಕ್ಕಳಿಗೆ ಐದೂವರೆ ಬೀಳ್ತಿರಲಿಲ್ಲ! ನಾನು ಹೆಂಡತಿ ಅಂತ ನನ್ನನ್ನ ಉಳಿಸೋಕೆ ಹೋದ್ರಿ. ಅವರು ಏನು ಪಾಪ ಮಾಡಿದ್ರು?"

ಅವನು ಅವಳ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು, "ನರದ ಡಾಕ್ಟರ ಹತ್ರ ಮಾತಾಡಿದೀನಿ. ಹೋಗೋಣ" ಎಂದ. ಅವಳು ಕೈ ಕಿತ್ತುಕೊಳ್ಳಲಿಲ್ಲ. ಇಬ್ಬರೂ ಅತ್ತರು.

ಮಾರನೆಯ ದಿನ ಅವಳು ಗೇಮು ಮಾಡಿದ ತಂಗಿಗೆ ಫೋನು ಮಾಡಿದಳು. "ಅವತ್ತು ನನ್ನ ಕೈ ನೋಡಿದ್ಯಲ್ಲ. ಗೊತ್ತಿದ್ದೂ ಯಾಕೆ ಸುಳ್ಳು ಹೇಳಿದೆ?"

"ಬಾಯಿ ಬರಲಿಲ್ಲ ಮೇಡಂ. ನೀವು ತಪ್ಪು ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಬೇಕು ಅಂತಾನೇ ಬಂದಿದ್ದೆ. ನಿಮ್ಮ ಬೆರಳು ಅದುರೋದು ನೋಡಿ ಆಗಲಿಲ್ಲ. ಅಣ್ಣಂಗೂ ನಿಜ ಹೇಳಲಿಲ್ಲ. ತಡ ಇದೆ, ಕಣ್ಣಾರೆ ನೋಡಿದೆ ಅಂದೆ."

"ಅಯ್ಯೋ ಹುಚ್ಚಿ!"

"ಅವನಿಗೆ ಎಷ್ಟು ಹುಡುಕಿದ್ರೂ ತಪ್ಪು ಸಿಗಲಿಲ್ಲ. ಕೊನೆಗೆ ಹುಡುಗಿ ಮಾಡಿನ ತುದಿಯಲ್ಲಿ ಕಾಯೋ ಹಾಗೆ ಇಡೀ ಓಟಾನೇ ನಿಧಾನ ಮಾಡಿದ. ತನ್ನ ಆಟಾನ ತಾನೇ ಕೆಡಿಸಿದ ಮೇಡಂ. ಈಗ ಊಟ ತಿಂಡಿ ಬಿಟ್ಟು ಕೂತಿದಾನೆ. ಹಳೇ ಆಟಾನೇ ವಾಪಸ್ ಹಾಕು, ನಾನು ಹೇಳಿದ್ದು ಸುಳ್ಳು ಅಂತ ಎಷ್ಟು ಹೇಳಿದ್ರೂ ಕೇಳಲ್ಲ. ಜನ ಬೈದದ್ದಕ್ಕೆ ಹೆದರಿ ಮಾತು ಬದಲಾಯಿಸ್ತಿದೀಯ ಅಂತಾನೆ. ಮೇಡಂ ಬರೆದದ್ದು ತಪ್ಪಾಗಲ್ಲ ಅಂತಾನೆ."

ಟಿ.ವಿ.ಯ ನಾಲ್ಕು ಸಾಲು ಅವಳ ತಲೆಯಿಂದ ಆಗಲೇ ಅಳಿಸಿಹೋಯಿತು. ಆ ಸುಳ್ಳು ಅವಳನ್ನು ಉಳಿಸಬಹುದು, ಆ ಅಣ್ಣನನ್ನು ಉಳಿಸುವುದಿಲ್ಲ. ತನ್ನ ಕಣ್ಣಿಗಿಂತ ಇವಳ ಅಂಕವನ್ನು ನಂಬಿದವನು ಅವನು. "ಅಣ್ಣನನ್ನ ಕರ್ಕೊಂಡು ಆಫೀಸಿಗೆ ಬಾ," ಎಂದಳು. "ಹಳೇ ಆಟಾನೂ ತಗೊಂಡು ಬಾ."

ಬಂದರು. ಅಣ್ಣ ಗಡ್ಡ ಬಿಟ್ಟ ಸಣ್ಣ ಆಳು. ತಪ್ಪು ಮಾಡಿದವನಂತೆ ಗೋಡೆಗೆ ಒರಗಿ ನಿಂತ. ಅವಳ ಗಂಡನೂ ಬಂದು ಬಾಗಿಲಲ್ಲಿ ನಿಂತಿದ್ದ. ಸಂಪಾದಕ ಅವಳ ಕಿವಿಯ ಹತ್ತಿರ ಬಗ್ಗಿ, "ಮೇಡಂ, ಇದು ಹೊರಗೆ ಹೋದ್ರೆ ನಿಮ್ಮ ಕುರ್ಚಿ ಇರಲ್ಲ. ವರ್ಷದ ಅಂಕ ಎಲ್ಲ ವಾಪಸ್ ತಗೋಬೇಕಾಗುತ್ತೆ" ಎಂದ.

"ತಗೋಳಿ," ಎಂದಳು. ದನಿ ಗಟ್ಟಿಯಿರಲಿಲ್ಲ.

ಕ್ಯಾಮೆರಾದವನು ಅವಳ ಕೈಯನ್ನು ಮೂಲೆಯಲ್ಲಲ್ಲ, ಅರ್ಧ ಪರದೆಯ ತುಂಬ ತೋರಿಸಿದ. ಅವಳು ಹಳೆಯ 'ಹೆಂಚು' ಆಡಿದಳು. ಹುಡುಗಿ ಬಿದ್ದಳು.

"ನೋಡಿ, ತಡ ಇದೆ," ಎಂದು ಅಣ್ಣ ಮುಂದೆ ಬಂದ. "ನಮ್ಮದೇ ತಪ್ಪು ಮೇಡಂ, ನಾನು ಇನ್ನೊಂದು ಸಲ..."

"ಹುಡುಗಿನ ನೋಡಬೇಡಪ್ಪ. ನನ್ನ ಬೆರಳು ನೋಡು."

ಮತ್ತೆ ಆಡಿದಳು. ಮತ್ತೆ ಬಿದ್ದಳು. ಇನ್ನೊಮ್ಮೆ ಬಿದ್ದಳು. ಅಣ್ಣನ ಕಣ್ಣು ಪರದೆಯ ಆ ಅರ್ಧದಿಂದ ಈ ಅರ್ಧಕ್ಕೆ ಓಡಾಡಿ ಕೊನೆಗೆ ಅದುರುವ ಹೆಬ್ಬೆರಳಿನ ಮೇಲೆ ನಿಂತಿತು.

"ನಿನ್ನ ಹುಡುಗಿ ಸರಿಯಾಗೇ ಓಡ್ತಿದಾಳೆ," ಎಂದಳು. "ನನ್ನ ಕೈ ಓಡ್ತಿಲ್ಲ. ತಗೋ, ನೀನು ಆಡು."

ಅವನು ಕಂಟ್ರೋಲರ್ ತೆಗೆದುಕೊಂಡ. ಹುಡುಗಿ ಓಡಿದಳು. ಒಂದು ಮಾಡಿನಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ, ಎಲ್ಲೂ ನಿಲ್ಲದೆ, ತಲೆಯ ಮೇಲಿನ ಒಂದು ಹೆಂಚೂ ಅಲುಗದಂತೆ ಹಾರಿದಳು. ಬಿರುಗಾಳಿ ಹಿಂದೆ ಬರುತ್ತಿತ್ತು, ಅವಳು ಮುಂದೆ ಹೋಗುತ್ತಿದ್ದಳು. ಅರೆಮಾರ್ಕಮ್ಮ ತುಟಿ ಕಚ್ಚಿಕೊಂಡು ನೋಡಿದಳು. ಇಷ್ಟು ಚಂದದ ಓಟವನ್ನು ಅವಳು ಎಷ್ಟೋ ವರ್ಷದಿಂದ ಕಂಡಿರಲಿಲ್ಲ. ತಂಗಿ ಮುಖ ಮುಚ್ಚಿಕೊಂಡು ಅಳುತ್ತಿದ್ದಳು.

ಓಟ ಮುಗಿಯಿತು. ಕ್ಯಾಮೆರಾದವನು ಅಭ್ಯಾಸಬಲದಿಂದ ಕೇಳಿಯೇಬಿಟ್ಟ. "ಅಕ್ಕಾ, ಕ್ಯಾಮೆರಾ ಓಡ್ತಿದೆ. ಅಂಕ ಎಷ್ಟು?"

ಎಲ್ಲರೂ ಅವಳ ಕಡೆ ನೋಡಿದರು. ಅವಳು ಬಲಗೈಯನ್ನು ಮಡಿಲಲ್ಲಿಟ್ಟು ಎಡಗೈಯಿಂದ ಮುಚ್ಚಿಕೊಂಡಳು.

"ಅಂಕ ಆಡಿದವರು ಕೊಡಬೇಕಪ್ಪ," ಎಂದಳು. "ನಾನು ಈ ಆಟ ಆಡೇ ಇಲ್ಲ."

ಹಾಗೆಂದು ಕುರ್ಚಿ ಬಿಟ್ಟು ಎದ್ದಳು. ವಿಡಿಯೊದಲ್ಲಿ ಅದೂ ಹಾಗೆಯೇ ಇದೆ, ಯಾರೂ ಕತ್ತರಿಸಲಿಲ್ಲ.